ಕೊಡಪಾನ ಎತ್ತಬೇಡ ಅನ್ನುವವರು, ದಿನಾ ನಡಿ ಅನ್ನುವವರು: ಯಾರ ಮಾತು ಕೇಳಲಿ?

ಪ್ರಶ್ನೆ: ನನಗೆ 53 ವರ್ಷ. ಊರು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಹೋದ ವರ್ಷ ಬಲ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ ತೆಗೆದರು. ಕೀಮೋ, ರೇಡಿಯೇಷನ್ ಮುಗಿದು ಎಂಟು ತಿಂಗಳಾಯಿತು. ಈಗ ಕಾಯಿಲೆ ಮರಳದಿರಲಿ ಅಂತ ಲೆಟ್ರೊಜೋಲ್ ಮಾತ್ರೆ ತಗೊಳ್ಳುತ್ತಿದ್ದೇನೆ. ದಿನವಿಡೀ ದುಡಿಯುತ್ತಿದ್ದವಳು ಈಗ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಮಲಗಿಬಿಡುತ್ತೇನೆ. ಬೆಳಿಗ್ಗೆ ಏಳುವಾಗ ಬೆರಳು, ಮಂಡಿ ಹಿಡಿದುಕೊಂಡಿರುತ್ತವೆ. ತೂಕ ಒಂಬತ್ತು ಕೆ.ಜಿ. ಜಾಸ್ತಿ ಆಗಿದೆ. ಅತ್ತೆ, ನಾದಿನಿ ಒಂದು ಕೊಡಪಾನ ಎತ್ತಲೂ ಬಿಡುವುದಿಲ್ಲ. ಕೈ ಊದಿಬಿಡುತ್ತದೆ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗಳು ಒಂದು ವಾಟ್ಸಾಪ್ ಮೆಸೇಜ್ ಕಳಿಸಿದ್ದಾಳೆ: 'ನಡೆದರೆ ಕ್ಯಾನ್ಸರ್ ವಾಪಸ್ ಬರಲ್ಲ, ವಿದೇಶದಲ್ಲಿ ಸಾಬೀತಾಗಿದೆ.' ನಾನು ಮೂವತ್ತು ವರ್ಷ ತೋಟದಲ್ಲಿ ದುಡಿದವಳು. ಮೈ ಬಗ್ಗಿಸಿ ಕೆಲಸ ಮಾಡಿದರೆ ಬರಲ್ಲ ಅನ್ನೋದಾದರೆ ನನಗ್ಯಾಕೆ ಬಂತು? ಡಾಕ್ಟರನ್ನು ಕೇಳಿದರೆ 'ನಾರ್ಮಲ್ ಆಗಿರಿ' ಅಂದರು, ಅಷ್ಟೇ.

ಉತ್ತರ: 'ನಾರ್ಮಲ್ ಆಗಿರಿ' ಅನ್ನುವ ಮಾತು ನನ್ನ ಹತ್ತಿರ ಬರುವ ಎಷ್ಟೋ ಹೆಂಗಸರು ಕೇಳಿಸಿಕೊಂಡು ಬಂದಿರುತ್ತಾರೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ವ್ಯಾಯಾಮ ಕಲಿಸುವುದೇ ನನ್ನ ಕೆಲಸ. ನಾರ್ಮಲ್ ಅಂದರೆ ಎಷ್ಟು ಕೆ.ಜಿ., ಎಷ್ಟು ಹೊತ್ತು, ಯಾವ ಕೈ ಅಂತ ಯಾರೂ ಹೇಳಿರುವುದಿಲ್ಲ. ಆ ಖಾಲಿ ಜಾಗವನ್ನು ಮನೆಯವರ ಭಯ ತುಂಬುತ್ತದೆ, ಇಲ್ಲವೇ ವಾಟ್ಸಾಪ್ ತುಂಬುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಭಯ ಇವೆ, ಒಂದು ಸಿಟ್ಟಿದೆ. ಕೈ ಊದೀತು ಅನ್ನುವುದು ಒಂದು ಭಯ, ಕಾಯಿಲೆ ಮರಳೀತು ಅನ್ನುವುದು ಇನ್ನೊಂದು. ಇಷ್ಟು ದುಡಿದರೂ ನನಗೇ ಯಾಕೆ ಅನ್ನುವುದು ಸಿಟ್ಟು. ಕೈಯಿಂದಲೇ ಶುರು ಮಾಡುತ್ತೇನೆ. ದಿನಾ ಬೆಳಗಾದರೆ ಎದುರಾಗುವುದು ಅದೇ ಅಲ್ವಾ.

ನಿಮ್ಮ ಅತ್ತೆ ಹೇಳುವುದು ಪೂರ್ತಿ ಸುಳ್ಳಲ್ಲ. ಕಂಕುಳಿನ ಗಂಟುಗಳು, ಅಂದರೆ ಲಿಂಫ್ ನೋಡ್‌ಗಳು, ಕೈಯಿಂದ ಬರುವ ದುಗ್ಧರಸ ಎಂಬ ನೀರಿನಂಥ ದ್ರವ ಹಾದುಹೋಗುವ ದಾರಿ. ಅವುಗಳನ್ನು ತೆಗೆದು, ಮೇಲೆ ರೇಡಿಯೇಷನ್ ಕೊಟ್ಟರೆ, ತೋಟದ ಬಸಿಗಾಲುವೆಯ ಒಂದು ಭಾಗ ಮುಚ್ಚಿದ ಹಾಗೆ. ಮಾಮೂಲಿ ನೀರು ಹೇಗೋ ಬೇರೆ ದಾರಿ ಹುಡುಕಿಕೊಂಡು ಹರಿಯುತ್ತದೆ. ಒಮ್ಮೆಲೇ ಜಾಸ್ತಿ ಬಂದರೆ ನಿಲ್ಲುತ್ತದೆ. ಹೀಗೆ ಕೈಯಲ್ಲಿ ಬರುವ ಊತವನ್ನು, ಅಂದರೆ ಈ ಬಾವನ್ನು, ಲಿಂಫೆಡೀಮಾ ಅನ್ನುತ್ತೇವೆ. ಹಿಂದೆಲ್ಲ ಡಾಕ್ಟರುಗಳೂ ನರ್ಸುಗಳೂ ಆ ಕೈಯಲ್ಲಿ ಭಾರ ಎತ್ತಲೇಬೇಡಿ ಅಂತಲೇ ಹೇಳಿ ಕಳಿಸುತ್ತಿದ್ದರು. ಅತ್ತೆಯ ಕಿವಿಗೆ ಬಿದ್ದಿರುವುದು ಆ ಕಾಲದ ಸಲಹೆ.

ಆದರೆ ದುಗ್ಧರಸವನ್ನು ಮೇಲಕ್ಕೆ ತಳ್ಳಲು ಹೃದಯದಂಥ ಪಂಪ್ ಇಲ್ಲ. ಆ ಸಣ್ಣ ನಾಳಗಳು ತಾವೂ ಹಿಗ್ಗಿ ಕುಗ್ಗುತ್ತವೆ, ಸುತ್ತಲಿನ ಸ್ನಾಯು ಬಿಗಿದು ಸಡಿಲಾದಾಗ ಅವುಗಳಿಗೆ ದೊಡ್ಡ ಸಹಾಯ ಸಿಗುತ್ತದೆ. ಕೈಯನ್ನು ಸುಮ್ನೆ ಮಡಿಲಲ್ಲಿ ಇಟ್ಟುಕೊಂಡು ಕೂತರೆ ಆ ಸಹಾಯವೂ ಹೋಯಿತು, ಸ್ನಾಯುವೂ ಸೊರಗಿತು. ಆಮೇಲೆ ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ತುಂಬಿದ ಕೊಡ ಎತ್ತಲೇಬೇಕಾಗುತ್ತದೆ. ಸೊರಗಿದ ಕೈಗೆ ಅದು ದೊಡ್ಡ ಪೆಟ್ಟು.

ಇದನ್ನು ಅಮೆರಿಕದ ಕ್ಯಾಥರಿನ್ ಶ್ಮಿಟ್ಸ್ ಮತ್ತು ಅವರ ತಂಡ ಪರೀಕ್ಷೆ ಮಾಡಿಯೇ ನೋಡಿತು. ಆಗಲೇ ಕೈ ಬಾವು ಇದ್ದ 141 ಹೆಂಗಸರನ್ನು ತೆಗೆದುಕೊಂಡು, ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ ಕೊಟ್ಟರು. ಒಂದು ವರ್ಷದ ಮೇಲೆ ಅಳೆದರೆ ಭಾರ ಎತ್ತಿದವರಲ್ಲಿ ಬಾವು ಎತ್ತದವರಿಗಿಂತ ಹೆಚ್ಚಿರಲಿಲ್ಲ. ನಡುವೆ ಬಾವು ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ 14%, ಎತ್ತದವರಲ್ಲಿ 29%. ಇದು ಪ್ರಕಟವಾದದ್ದು 2009ರಲ್ಲಿ. ಮರುವರ್ಷ ಅದೇ ತಂಡ ಬಾವು ಇಲ್ಲದ 154 ಹೆಂಗಸರ ಫಲಿತಾಂಶ ಕೊಟ್ಟಿತು. ಐದು ಅಥವಾ ಹೆಚ್ಚು ಗಂಟು ತೆಗೆಸಿಕೊಂಡವರಲ್ಲಿ ಹೊಸದಾಗಿ ಬಾವು ಬಂದದ್ದು ವ್ಯಾಯಾಮ ಮಾಡಿದವರಲ್ಲಿ 7%, ಮಾಡದವರಲ್ಲಿ 22%. ನಿಮಗೆ ಎಷ್ಟು ಗಂಟು ತೆಗೆದಿದ್ದಾರೆ ಅನ್ನುವುದು ಆಪರೇಷನ್ ಆದಮೇಲೆ ಕೊಟ್ಟ ಬಯಾಪ್ಸಿ ರಿಪೋರ್ಟಿನಲ್ಲಿ ಇರುತ್ತದೆ. ಫೈಲ್ ತೆಗೆದು ನೋಡಿ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಆ ಸಂಖ್ಯೆ ಬೇಕಾಗುತ್ತದೆ.

ಇದನ್ನು ಓದಿ ನಾಳೆಯೇ ಕೊಡಪಾನ ಎತ್ತಬೇಡಿ. ಆ ಹೆಂಗಸರು ಎಲ್ಲಿಂದ ಶುರು ಮಾಡಿದರು ಅನ್ನುವುದೇ ಮುಖ್ಯ. ಹೆಚ್ಚುಕಮ್ಮಿ ಭಾರವೇ ಇಲ್ಲದ ಮಟ್ಟದಿಂದ ಶುರು ಮಾಡಿದರು. ಮೊದಲ ಮೂರು ತಿಂಗಳು ತರಬೇತಿ ಪಡೆದವರು ಪಕ್ಕದಲ್ಲೇ ಇದ್ದರು. ಕೈಯಲ್ಲಿ ಬಿಗಿತ, ಭಾರ ಏನೂ ಕಾಣಿಸದಿದ್ದರೆ ಮಾತ್ರ ಒಂದೊಂದು ಸಣ್ಣ ಹೆಜ್ಜೆ ಏರಿಸಿದರು. ಬಾವು ಇದ್ದವರು ವ್ಯಾಯಾಮದ ಹೊತ್ತಿಗೆ ಬಿಗಿ ತೋಳು, ಅಂದರೆ ಕಂಪ್ರೆಷನ್ ಸ್ಲೀವ್ ಹಾಕಿಕೊಂಡಿದ್ದರು. ನಡುವೆ ಬಿಟ್ಟುಹೋದವರು ಮತ್ತೆ ಬಂದಾಗ ಭಾರ ಇಳಿಸಿಕೊಂಡೇ ಶುರು ಮಾಡಬೇಕಿತ್ತು. ಇಷ್ಟೇ ಎತ್ತಬೇಕು, ಇದಕ್ಕಿಂತ ಜಾಸ್ತಿ ಬೇಡ ಅನ್ನುವ ಮೇಲಿನ ಗೆರೆ ಇರಲಿಲ್ಲ. ಭಾರ ಎತ್ತುವುದಕ್ಕಿಂತ ದಿಢೀರನೆ ಎತ್ತುವುದೇ ಅಪಾಯ.

ನಿಮ್ಮ ಮನೆಯಲ್ಲಿ ಇದು ಹೀಗಾಗಬಹುದು. ಅರ್ಧ ಲೀಟರಿನ ನೀರಿನ ಬಾಟಲಿ ತುಂಬಿಸಿದರೆ ಅರ್ಧ ಕೆ.ಜಿ. ಅದನ್ನು ಹಿಡಿದು ಮೊಣಕೈ ಮಡಚಿ ಭುಜದ ತನಕ ತಂದು, ನಿಧಾನ ಇಳಿಸಿ. ಹತ್ತು ಸಲ, ಎರಡೂ ಕೈಯಲ್ಲಿ. ಆಮೇಲೆ ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈ ಊರಿ, ಮೈಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದು. ಮೂರನೆಯದು ಕಾಲಿಗೆ: ಕುರ್ಚಿಯಿಂದ ಕೈ ಊರದೆ ಏಳುವುದು, ಧಪ್ಪನೆ ಬೀಳದೆ ಕೂರುವುದು. ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದು ದಿನವಾದರೂ ಬಿಡುವಿರಲಿ. ಎರಡು ವಾರ ಏನೂ ತೊಂದರೆ ಇಲ್ಲದಿದ್ದರೆ ಒಂದು ಲೀಟರ್ ಬಾಟಲಿಗೆ ಹೋಗಿ. ತುಂಬಿದ ಕೊಡ ಅಂದರೆ ಹತ್ತು ಹದಿನೈದು ಕೆ.ಜಿ. ಅಲ್ಲಿಗೆ ತಲುಪಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕಾಲು ಕೊಡ, ಆಮೇಲೆ ಅರ್ಧ ಕೊಡ. ಎತ್ತುವಾಗ ಎರಡೂ ಕೈ ಬಳಸಿ.

ಶುರು ಮಾಡುವ ಮೊದಲು ದರ್ಜಿಯವರ ಟೇಪಿನಿಂದ ಎರಡೂ ಕೈ ಅಳೆಯಿರಿ. ಮೊಣಕೈಯಿಂದ ಹತ್ತು ಸೆಂ.ಮೀ. ಮೇಲೆ ಒಂದು ಗುರುತು, ಹತ್ತು ಸೆಂ.ಮೀ. ಕೆಳಗೆ ಒಂದು ಗುರುತು. ಸಂಖ್ಯೆಗಳನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಹೊತ್ತು. ಬಲಗೈಯವರಿಗೆ ಬಲಗೈ ಮೊದಲೇ ಸ್ವಲ್ಪ ದಪ್ಪ ಇರುವುದು ಸಹಜ. ಮೊದಲ ಅಳತೆಗಿಂತ ಎರಡು ಸೆಂ.ಮೀ. ಹೆಚ್ಚಾದರೆ ತೋರಿಸಿ. ಬಳೆ ಬಿಗಿಯಾಗುವುದು, ರವಿಕೆಯ ತೋಳು ಒಂದೇ ಕಡೆ ಹಿಡಿಯುವುದು ಟೇಪಿಗಿಂತ ಮೊದಲೇ ಗೊತ್ತಾಗುತ್ತದೆ.

ಈ ಕೈಯ ವಿಷಯದಲ್ಲಿ ನಿಜವಾಗಿ ಹೆದರಬೇಕಾದ್ದು ಸೋಂಕಿಗೆ. ಸಂಶೋಧನೆಗಳಲ್ಲಿ ಬಾವಿನ ಜೊತೆ ಗಟ್ಟಿ ನಂಟು ಕಂಡಿರುವುದು ಚರ್ಮದ ಸೋಂಕು, ಹೆಚ್ಚು ಮೈತೂಕ, ಪೂರ್ತಿ ಗಂಟು ತೆಗೆಯುವ ಆಪರೇಷನ್, ಅಲ್ಲಿಗೆ ಕೊಟ್ಟ ರೇಡಿಯೇಷನ್. ಆ ಕೈಯಲ್ಲಿ ಬಿ.ಪಿ. ನೋಡಿಸಿದ್ದು, ಪರೀಕ್ಷೆಗೆ ರಕ್ತ ಕೊಟ್ಟದ್ದು, ವಿಮಾನ ಹತ್ತಿದ್ದು ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ತೋಟದಲ್ಲಿ ಮುಳ್ಳು, ಕತ್ತಿ, ಉಂಬಳದ ಕಡಿತದಿಂದ ಕೈ ಕಾಪಾಡಿಕೊಳ್ಳಿ. ಗ್ಲೌಸ್ ಹಾಕಿ. ಗಾಯವಾದರೆ ಸೋಪು ನೀರಲ್ಲಿ ತೊಳೆದು ಮುಲಾಮು ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದೇ ದಿನ ಡಾಕ್ಟರ್. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವುದನ್ನು ಈ ವರ್ಷ ಬಿಡಿ. ಕೂರಲೇಬೇಕಾದರೆ ಅರ್ಧ ಗಂಟೆಗೊಮ್ಮೆ ಏಳಿ.

ಇನ್ನು ಸುಸ್ತು. ಸುಸ್ತಾದವರಿಗೆ ಮಲಗು ಅನ್ನುವುದು ಪ್ರೀತಿ. ಆದರೆ ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಗದ್ದೆ ನೆಟ್ಟು ಬಂದ ಸುಸ್ತಿನ ಥರ ಅಲ್ಲ. ಮಲಗಿ ಎದ್ದರೂ ಅದು ಹೋಗುವುದಿಲ್ಲ. ಕೀಮೋ ದಿನಗಳಲ್ಲಿ ಸ್ನಾಯು ಕರಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ಮೊದಲು ಸಲೀಸಾಗಿ ಏರುತ್ತಿದ್ದ ಮೆಟ್ಟಿಲಿಗೆ ಈಗ ಮೈಯ ಪೂರ್ತಿ ಶಕ್ತಿ ಬೇಕಾಗುತ್ತದೆ. ಹಗಲು ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ಸುಸ್ತು ಇನ್ನೂ ಜಾಸ್ತಿ. 2017ರಲ್ಲಿ 113 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಕ್ಯಾನ್ಸರ್ ಸುಸ್ತಿಗೆ ಔಷಧಿಗಳಿಗಿಂತ ವ್ಯಾಯಾಮ ಮತ್ತು ಮನಸ್ಸಿನ ಚಿಕಿತ್ಸೆಗಳೇ ಚೆನ್ನಾಗಿ ಕೆಲಸ ಮಾಡಿದ್ದವು. ಆದರೂ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿ. ಅವು ಕಡಿಮೆ ಇದ್ದರೆ ಎಷ್ಟು ನಡೆದರೂ ಸುಸ್ತು ಬಿಡುವುದಿಲ್ಲ. ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಕಳೆಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಾಚಿಕೊಳ್ಳುವ ವಿಷಯ ಅಲ್ಲ ಅದು.

ಬೆರಳು, ಮಂಡಿ ಹಿಡಿಯುವುದು ಹೆಚ್ಚಾಗಿ ಲೆಟ್ರೊಜೋಲ್‌ನಿಂದ. ಈ ನೋವಿಗೆ ಬೇಸತ್ತು ಮಾತ್ರೆ ನಿಲ್ಲಿಸುವವರು ಇದ್ದಾರೆ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಕಾಯಿಲೆ ಮರಳದಂತೆ ತಡೆಯುವುದರಲ್ಲಿ ಆ ಮಾತ್ರೆಯ ಪಾಲು ಯಾವ ವಾಕಿಂಗ್‌ಗಿಂತಲೂ ದೊಡ್ಡದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇದೇ ಬಗೆಯ ಮಾತ್ರೆಯಿಂದ ಕೀಲುನೋವು ಬಂದ 121 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಎರಡು ದಿನ ಭಾರದ ವ್ಯಾಯಾಮ. ವರ್ಷದ ಕೊನೆಗೆ ಅವರ ಅತಿ ಹೆಚ್ಚಿನ ನೋವಿನ ಅಂಕ 29% ಇಳಿದಿತ್ತು. ಎಂದಿನಂತೆ ಇದ್ದವರಲ್ಲಿ ಇಳಿಯಲಿಲ್ಲ. ನೋವು ಪೂರ್ತಿ ಹೋಗುವುದಿಲ್ಲ, ಆದರೆ ಮಾತ್ರೆ ಮುಂದುವರಿಸುವಷ್ಟು ತಡೆದುಕೊಳ್ಳಬಹುದು.

ಈಗ ಮಗಳ ಮೆಸೇಜಿಗೆ ಬರುತ್ತೇನೆ. ಅದರ ಹಿಂದೆ ನಿಜವಾದ ಅಧ್ಯಯನವೇ ಇದೆ. ಹೆಸರು ಚಾಲೆಂಜ್. ಮುಂದಾಳುಗಳು ಕೆನಡಾದ ಕೆರಿ ಕೋರ್ನಿಯಾ, ಕ್ರಿಸ್ಟೋಫರ್ ಬೂತ್ ಮುಂತಾದವರು. ಹೆಚ್ಚಾಗಿ ಕೆನಡಾ ಮತ್ತು ಆಸ್ಟ್ರೇಲಿಯಾದ 55 ಕೇಂದ್ರಗಳಲ್ಲಿ 889 ರೋಗಿಗಳು. 2009ರಲ್ಲಿ ಶುರುವಾದದ್ದು, ಫಲಿತಾಂಶ ಬಂದದ್ದು 2025ರಲ್ಲಿ. ಒಂದು ಗುಂಪಿಗೆ ಮೂರು ವರ್ಷ ಕ್ರಮವಾದ ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯದ ಪುಸ್ತಿಕೆ ಮಾತ್ರ. ಐದು ವರ್ಷವಾದಾಗ ಕಾಯಿಲೆ ಇಲ್ಲದೆ ಇದ್ದವರು ವ್ಯಾಯಾಮದ ಗುಂಪಿನಲ್ಲಿ 80%, ಪುಸ್ತಿಕೆಯ ಗುಂಪಿನಲ್ಲಿ 74%. ಎಂಟು ವರ್ಷಕ್ಕೆ ಬದುಕಿದ್ದವರು 90% ಮತ್ತು 83%. ಇದು ಸಣ್ಣ ಲಾಭ ಅಲ್ಲ, ಕೆಲವು ಔಷಧಿಗಳೂ ಇಷ್ಟು ಕೊಡುವುದಿಲ್ಲ.

ಆದರೆ ಆ 889 ಜನಕ್ಕೂ ಇದ್ದದ್ದು ದೊಡ್ಡ ಕರುಳಿನ ಕ್ಯಾನ್ಸರ್. ಸ್ತನ ಕ್ಯಾನ್ಸರ್ ಅಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ ಆ ಒಂದು ಪದ ಉದುರಿಹೋಗಿದೆ. 'ಬರಲ್ಲ' ಅನ್ನುವುದೂ ತಪ್ಪು: ವ್ಯಾಯಾಮದ ಗುಂಪಿನಲ್ಲೂ ಐದರಲ್ಲಿ ಒಬ್ಬರಿಗೆ ಕಾಯಿಲೆ ಮರಳಿತ್ತು, ಅಥವಾ ಹೊಸ ಕ್ಯಾನ್ಸರ್ ಬಂದಿತ್ತು, ಅಥವಾ ಅವರು ತೀರಿಕೊಂಡಿದ್ದರು. ಸ್ತನ ಕ್ಯಾನ್ಸರಿನಲ್ಲಿ ಇರುವುದು ಬೇರೆ ಥರದ ಪುರಾವೆ. ಈ ಕಾಯಿಲೆ ಬಂದಿದ್ದ ಅಮೆರಿಕದ 2987 ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2005ರಲ್ಲಿ ಬಂತು. ವಾರಕ್ಕೆ ಮೂರರಿಂದ ಐದು ಗಂಟೆ ನಡೆಯುವಷ್ಟು ಚಟುವಟಿಕೆ ಇದ್ದವರಲ್ಲಿ ಸಾವು ಕಡಿಮೆ ಇತ್ತು. ಆದರೆ ಇಲ್ಲಿ ಒಂದು ತೊಡಕಿದೆ. ನಡೆದದ್ದರಿಂದ ಚೆನ್ನಾಗಿದ್ದರೋ, ಚೆನ್ನಾಗಿದ್ದದ್ದರಿಂದ ನಡೆದರೋ? ಬರೀ ಗಮನಿಸಿದರೆ ಇದು ಬಗೆಹರಿಯುವುದಿಲ್ಲ. ಹಾಗಾಗಿ ನಾನು ಸ್ತನ ಕ್ಯಾನ್ಸರಿನವರಿಗೆ ಹೇಳುವುದು ಇಷ್ಟು: ಸುಸ್ತು, ಕೀಲುನೋವು, ಮನಸ್ಸಿನ ಕಳವಳಕ್ಕೆ ವ್ಯಾಯಾಮ ಖಂಡಿತ ಕೆಲಸ ಮಾಡುತ್ತದೆ. ಕಾಯಿಲೆ ಮರಳುವುದನ್ನು ತಡೆಯಬಹುದು ಅನ್ನುವುದು ಒಳ್ಳೆಯ ಆಸೆ, ಇನ್ನೂ ಖಾತ್ರಿ ಅಲ್ಲ. ನಾಳೆ ಸ್ಕ್ಯಾನಿನಲ್ಲಿ ಏನಾದರೂ ಕಂಡರೆ 'ನಾನು ಸರಿಯಾಗಿ ನಡೆಯಲಿಲ್ಲ' ಅಂತ ನೀವು ನಿಮ್ಮನ್ನೇ ಬೈದುಕೊಳ್ಳುವಂತೆ ಆಗಬಾರದು.

ಚಾಲೆಂಜ್‌ನಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಅವರು ಕೇಳಿದ್ದು ಮೊದಲಿನದಕ್ಕಿಂತ ಹೆಚ್ಚಾಗಿ ವಾರಕ್ಕೆ ಮೂರು ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸು ನಡಿಗೆಯಷ್ಟು. ಇದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು ಕಳಿಸಲಿಲ್ಲ. ಒಬ್ಬೊಬ್ಬರಿಗೂ ಒಬ್ಬ ಸಲಹೆಗಾರ ಇದ್ದರು. ಮೊದಲ ಒಂದು ವರ್ಷ ಎರಡು ವಾರಕ್ಕೊಮ್ಮೆ ಮಾತು, ಆಮೇಲೆ ಎರಡು ವರ್ಷ ತಿಂಗಳಿಗೊಮ್ಮೆ. ಯಾವ ದಿನ, ಯಾವ ಹೊತ್ತು, ಮಳೆ ಬಂದರೆ ಏನು, ನೆಂಟರು ಬಂದರೆ ಏನು ಅಂತ ಕೂತು ಮಾತಾಡಿದರು. ಇನ್ನೊಂದು ಗುಂಪಿನವರಿಗೂ ವ್ಯಾಯಾಮ ಒಳ್ಳೆಯದು ಅಂತ ಗೊತ್ತಿತ್ತು, ಪುಸ್ತಿಕೆಯಲ್ಲೇ ಬರೆದಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಇದ್ದದ್ದು ಜೊತೆಗೊಬ್ಬ ಮನುಷ್ಯ. ಎರಡೂ ಗುಂಪಿನ ಮೈತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ ಅನ್ನುವುದನ್ನೂ ನೆನಪಿಡಿ. ಒಂಬತ್ತು ಕೆ.ಜಿ. ಇಳಿಯಲಿಲ್ಲ ಅಂತ ಮೂರನೇ ತಿಂಗಳಿಗೇ ಬಿಟ್ಟುಬಿಡಬೇಡಿ.

ನಿಮ್ಮ ಸಿಟ್ಟಿಗೆ ಬರುತ್ತೇನೆ. ದುಡಿದವರಿಗೆ ಕ್ಯಾನ್ಸರ್ ಬರುವುದಿಲ್ಲ ಅಂತ ಯಾವ ಅಧ್ಯಯನವೂ ಹೇಳಿಲ್ಲ. 2016ರಲ್ಲಿ 14 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದ ಅಧ್ಯಯನವೊಂದು ಬಂತು. ಬಿಡುವಿನ ವೇಳೆಯಲ್ಲಿ ಹೆಚ್ಚು ವ್ಯಾಯಾಮ ಮಾಡುವವರಲ್ಲಿ, ನೋಡಿದ 26 ಬಗೆಯ ಕ್ಯಾನ್ಸರುಗಳಲ್ಲಿ 13 ಕಡಿಮೆ ಕಂಡವು. ದೊಡ್ಡ ಕರುಳಿನದು 16% ಕಡಿಮೆ, ಸ್ತನದ್ದು 10% ಕಡಿಮೆ. ಅಂದರೆ ಏನೂ ಮಾಡದ ನೂರು ಜನರಿಗೆ ಬರುವ ಕಡೆ, ಮಾಡುವವರಲ್ಲಿ ತೊಂಬತ್ತು ಜನರಿಗೆ ಬಂದೇ ಬರುತ್ತದೆ. ಆ ತೊಂಬತ್ತರಲ್ಲಿ ನೀವೂ ಒಬ್ಬರು. ತಪ್ಪು ನಿಮ್ಮದಲ್ಲ. (ಅದೇ ಅಧ್ಯಯನದಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ವ್ಯಾಯಾಮದವರಲ್ಲೇ ಜಾಸ್ತಿ ಇತ್ತು. ಬಿಸಿಲಲ್ಲಿ ಹೆಚ್ಚು ಇರುತ್ತಾರಲ್ಲ, ಅದಕ್ಕಿರಬೇಕು. ಲೆಕ್ಕಗಳನ್ನು ಓದುವಾಗ ಇಂಥದ್ದನ್ನೂ ನೋಡಬೇಕು.)

ಮಗಳು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವವಳಾದರೆ ಈ 10% ಅವಳಿಗೂ ಬೇಕು. 2022ರ ಲೆಕ್ಕದಲ್ಲಿ ಭಾರತದ ವಯಸ್ಕ ಹೆಂಗಸರಲ್ಲಿ 57% ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಆದರೆ ವ್ಯಾಯಾಮ ಮಾಡುತ್ತೇನೆ ಅಂತ ತಪಾಸಣೆ ಬಿಡುವ ಹಾಗಿಲ್ಲ. ನಿಮ್ಮ ತಾಯಿ, ಅಕ್ಕತಂಗಿ, ಚಿಕ್ಕಮ್ಮಂದಿರಲ್ಲಿ ಯಾರಿಗಾದರೂ ಸ್ತನದ್ದು ಅಥವಾ ಅಂಡಾಶಯದ್ದು ಇತ್ತಾ ಅಂತ ನೀವು ಕೂತು ಪಟ್ಟಿ ಮಾಡಿ ಅವಳಿಗೆ ಕೊಡಿ. ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಯಾವ ವಯಸ್ಸಿಗೆ ಶುರು ಮಾಡಬೇಕು ಅಂತ ಡಾಕ್ಟರ್ ಅದರ ಮೇಲೆ ಹೇಳುತ್ತಾರೆ. ಅಡಿಕೆ ಬೆಳೆಯುವ ಮನೆಯವರಿಗೆ ಇನ್ನೊಂದು ಮಾತು ಹೇಳಲು ಸ್ವಲ್ಪ ಮುಜುಗರವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ, ತಂಬಾಕು ಇಲ್ಲದಿದ್ದರೂ. ಮನೆಯಲ್ಲಿ ಕವಳ, ಅಂದರೆ ಎಲೆ ಅಡಿಕೆ ಹಾಕುವವರಿದ್ದರೆ, ಅವರು ಎಷ್ಟು ನಡೆದರೂ ಅದು ಸರಿಹೋಗುವುದಿಲ್ಲ.

ಮುಂದಿನ ದಾರಿ ಯಾವುದು? ಮೂರು ಇವೆ. ನನ್ನ ಆಯ್ಕೆ ಫಿಸಿಯೋಥೆರಪಿಸ್ಟ್. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಆ ವಿಭಾಗ ಇರುತ್ತದೆ. ಒಂದೆರಡು ಸಲ ಹೋಗಿ ಭುಜ ಎಷ್ಟು ಏಳುತ್ತದೆ, ಕೈ ಅಳತೆ ಎಷ್ಟು ಅಂತ ನೋಡಿಸಿಕೊಂಡು ಬಂದರೂ ಸಾಕು, ಉಳಿದದ್ದು ಮನೆಯಲ್ಲೇ ಆಗುತ್ತದೆ. ಅಷ್ಟು ದೂರ ಹೋಗಲು ಆಗದಿದ್ದರೆ ಮೇಲೆ ಹೇಳಿದ ಬಾಟಲಿಯ ಕ್ರಮ ಮನೆಯಲ್ಲೇ ಶುರು ಮಾಡಬಹುದು. ಅಪಾಯ ಏನೆಂದರೆ, ಚೆನ್ನಾಗಿ ಅನಿಸಿದ ದಿನ ಜಾಸ್ತಿ ಮಾಡಿ ಮರುದಿನ ಮಲಗುವುದು. ನಿಮ್ಮಂಥ ದುಡಿಮೆಗಾರರಲ್ಲಿ ಇದು ಬಹಳ. ಮೂರನೆಯದು ಯೋಗ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಸ್ತನ ಕ್ಯಾನ್ಸರಿನವರಲ್ಲಿ ಕೀಮೋ ವಾಕರಿಕೆ ಯೋಗದಿಂದ ಕಡಿಮೆಯಾದದ್ದನ್ನು 2007ರಲ್ಲೇ ಪ್ರಕಟಿಸಿದ್ದಾರೆ. ನಿದ್ದೆಗೆ, ಕಳವಳಕ್ಕೆ ಒಳ್ಳೆಯದು. ಆದರೆ ಲೆಟ್ರೊಜೋಲ್ ಮೂಳೆಯನ್ನು ತೆಳುವಾಗಿಸುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಆಗುವ ತನಕ ಬೆನ್ನನ್ನು ಜೋರಾಗಿ ಮುಂದಕ್ಕೆ ಬಗ್ಗಿಸುವ, ತಿರುಚುವ, ತಲೆ ಕೆಳಗಾಗಿ ನಿಲ್ಲುವ ಆಸನ ಬೇಡ.

ನಡಿಗೆಗೆ ನಿಮಗೆ ಹೊಸ ಜಾಗ ಬೇಡ. ಅಂಗಳದಲ್ಲಿ ಹತ್ತು ನಿಮಿಷ, ದಿನಕ್ಕೆ ಎರಡು ಸಲ. ವಾರಕ್ಕೊಮ್ಮೆ ಎರಡು ನಿಮಿಷ ಸೇರಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟು ಬಿರುಸು ಸಾಕು. ಮಳೆಗಾಲದಲ್ಲಿ ಜಗಲಿ. ಕೀಮೋದಿಂದ ಪಾದ ಜೋಮು ಹಿಡಿದಿದ್ದರೆ ಪಾಚಿ ಕಟ್ಟಿದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಬೇಡಿ, ಜಾರಿದರೆ ತೆಳುವಾದ ಮೂಳೆ ಮುರಿಯುತ್ತದೆ. ಇಂತಿಷ್ಟು ಹೊತ್ತಿಗೆ ಅಂತ ಗೊತ್ತು ಮಾಡಿಕೊಳ್ಳಿ: ಬೆಳಗಿನ ಕಾಫಿ ಲೋಟ ತೊಳೆದಿಟ್ಟ ಕೂಡಲೇ, ಸಂಜೆ ದೀಪ ಹಚ್ಚುವ ಮೊದಲು. ಹೊತ್ತು, ಜಾಗ ಗೊತ್ತು ಮಾಡಿಕೊಂಡವರು 'ಪುರುಸೊತ್ತಾದಾಗ' ಅಂದುಕೊಂಡವರಿಗಿಂತ ಹೆಚ್ಚು ದಿನ ಮುಂದುವರಿಸುತ್ತಾರೆ. ಎರಡು ದಿನ ತಪ್ಪಿದರೆ ಮೂರನೇ ದಿನ ಮಾಮೂಲಿನಷ್ಟೇ ಮಾಡಿ, ಬಾಕಿ ತೀರಿಸಲು ಹೋಗಬೇಡಿ.

ಅತ್ತೆಯವರ ಜೊತೆ ವಾದಕ್ಕೆ ನಿಲ್ಲಬೇಡಿ. ಟೇಪು ಹಿಡಿದು ಕೈ ಅಳೆಯುವ ಕೆಲಸ ಅವರಿಗೇ ಕೊಡಿ. ಭಯ ಇರುವವರಿಗೆ ಕಾವಲಿನ ಕೆಲಸ ಕೊಟ್ಟರೆ ಬೇಡ ಅನ್ನುವುದು ಕಡಿಮೆಯಾಗುತ್ತದೆ, ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ನಾದಿನಿ ಸಂಜೆಯ ನಡಿಗೆಗೆ ಜೊತೆ ಬರಲಿ.

ಶುರು ಮಾಡುವ ಮೊದಲು ನಿಮ್ಮ ಡಾಕ್ಟರಿಗೆ ಈ ಎರಡು ಕೇಳಿ. ಡೆಕ್ಸಾ ಆಗಿದೆಯಾ? ಕೀಮೋದಲ್ಲಿ ಕೆಂಪು ಬಣ್ಣದ ಔಷಧಿಯನ್ನೋ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್ನನ್ನೋ ಕೊಟ್ಟಿದ್ದರೆ, ಹೃದಯದ ಎಕೋ ಮತ್ತೆ ಮಾಡಿಸಬೇಕಾ? ಆ ಔಷಧಿಗಳು ಕೆಲವರ ಹೃದಯವನ್ನು ದುರ್ಬಲ ಮಾಡುತ್ತವೆ. ನಡೆಯುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಅದೇ ದಿನ ತೋರಿಸಿ. ಬೆನ್ನಲ್ಲೋ ಸೊಂಟದಲ್ಲೋ ಹೊಸ ನೋವು ಬಂದು ರಾತ್ರಿ ಮಲಗಿದರೂ ಬಿಡದಿದ್ದರೆ ವ್ಯಾಯಾಮದ ನೋವು ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಮುಂದಿನ ಚೆಕಪ್ ತನಕ ಕಾಯದೆ ಆ ವಾರವೇ ಹೋಗಿ.